ಸವಾರಿ ಹುಲ್ಲುಯಂತ್ರ: ನಡೆಸುವ ಬಗೆ, ಕಾಪಾಡುವ ಬಗೆ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಮಾತೇಕೆ ಎಂದು ವಾಚಕರು ಹುಬ್ಬೇರಿಸಬಹುದು. ಕಥೆ, ಕವಿತೆ, ಹರಟೆ, ಪ್ರವಾಸಕಥನಗಳ ನಡುವೆ ಎಂಜಿನಿನ ಎಣ್ಣೆಯ ವಾಸನೆ ಹೊಂದುವುದಿಲ್ಲವೆಂಬುದನ್ನು ನಾನೂ ಬಲ್ಲೆ. ಆದರೂ ಈ ಲೇಖನಕ್ಕೆ ಕಾರಣವೊಂದುಂಟು. ಈ ವರ್ಷದ ಮಳೆಗಾಲದ ಮೊದಲಿಗೆ ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳು ತಮ್ಮತಮ್ಮಲ್ಲಿ ಚಂದಾ ಎತ್ತಿ, ಆಟದ ಮೈದಾನಕ್ಕೆಂದು ಕುಳಿತು ನಡೆಸುವ ಹುಲ್ಲುಯಂತ್ರವೊಂದನ್ನು ಕೊಡಿಸಿದರು. ಅಂದಿನಿಂದ ನಮ್ಮ ಜವಾನರೊಬ್ಬರೂ ಕ್ರೀಡಾ ಸಮಿತಿಯ ನಾಲ್ವರು ವಿದ್ಯಾರ್ಥಿಗಳೂ ಸರದಿಯ ಮೇಲೆ ಅದನ್ನು ನಡೆಸುತ್ತಿದ್ದೇವೆ. ಎರಡು ಬೇಸಿಗೆ ರಜೆಗಳಲ್ಲಿ ನಮ್ಮೂರ ಹೊರವಲಯದ ಒಂದು ಕ್ರೀಡಾಂಗಣದಲ್ಲಿ ದಿನಗೂಲಿಗೆ ಇಂಥದೇ ಯಂತ್ರದ ಕೆಲಸ ಕಲಿತವನಾದ್ದರಿಂದ, ಅಂತಿಮ ಬಿ.ಎ. ತರಗತಿಯ ನಾನು ಆ ನಾಲ್ವರಲ್ಲಿ ಒಬ್ಬ. ಮುಂದಿನ ವರ್ಷ ನಾವಿರುವುದಿಲ್ಲ, ಯಂತ್ರ ಇರುತ್ತದೆ. ಅದನ್ನು ಹತ್ತುವವರಿಗೆ ನಾಲ್ಕು ಮಾತು ಬರೆದಿಟ್ಟು ಹೋಗುವುದು ಒಳಿತೆಂದು ತೋರಿ ಈ ಸಾಹಸಕ್ಕೆ ಕೈಹಾಕಿದ್ದೇನೆ.

ಮೊದಲು ಈ ಯಂತ್ರದಿಂದ ಆಗುವ ಉಪಕಾರವನ್ನು ಲೆಕ್ಕ ಹಾಕಿ ನೋಡೋಣ. ಮೂರು ಎಕರೆಯ ಮೈದಾನವೆಂದರೆ ಸುಮಾರು ೧೨,೧೪೦ ಚದರ ಮೀಟರು. ತಳ್ಳಿಕೊಂಡು ಹೋಗುವ ಸಣ್ಣ ಯಂತ್ರದ ಅಲಗು ೫೩ ಸೆಂಟಿಮೀಟರ್ ಅಗಲ. ಸಾಲಿನಿಂದ ಸಾಲಿಗೆ ಸ್ವಲ್ಪ ಒತ್ತಿಕೊಂಡು ಹೋಗಬೇಕಾದ್ದರಿಂದ ಉಪಯೋಗಕ್ಕೆ ಬರುವುದು ೪೫ ಸೆಂಟಿಮೀಟರ್ ಮಾತ್ರ. ಹಾಗೆ ಮೂರು ಎಕರೆ ಮುಗಿಸಬೇಕಾದರೆ ಯಂತ್ರದ ಹಿಂದೆ ಸುಮಾರು ೨೭ ಕಿಲೋಮೀಟರ್ ನಡೆಯಬೇಕು. ನಮ್ಮ ಸವಾರಿ ಯಂತ್ರ ೪೨ ಅಂಗುಲ, ಎಂದರೆ ೧೦೭ ಸೆಂಟಿಮೀಟರ್ ಅಗಲದ್ದು. ಅದೇ ಮೈದಾನಕ್ಕೆ ಅದು ಹನ್ನೆರಡೂವರೆ ಕಿಲೋಮೀಟರ್ ಓಡಿದರೆ ಸಾಕು. ಗಂಟೆಗೆ ೫ ಕಿಲೋಮೀಟರ್ ವೇಗದಲ್ಲಿ, ತಿರುವುಗಳ ಹೊತ್ತೂ ಸೇರಿ ಮೂರು ಗಂಟೆಯ ಕೆಲಸ. ಕುಡುಗೋಲು ಹಿಡಿದು ಕುಕ್ಕುರುಗಾಲಲ್ಲಿ ಸರಿಯುತ್ತಿದ್ದವರ ಸೊಂಟಕ್ಕೆ ಇದರಿಂದ ದೊರೆತ ಬಿಡುಗಡೆಯನ್ನು ಅವರೇ ಬಲ್ಲರು.

ಈ ಯಂತ್ರದ ವಂಶಾವಳಿಯೂ ಕುತೂಹಲಕರವಾದುದು. ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ಪ್ರಾಂತದಲ್ಲಿ, ಸ್ಟ್ರೌಡ್ ಪಟ್ಟಣದ ಬಳಿಯ ಥ್ರಪ್ ಎಂಬ ಹಳ್ಳಿಯಲ್ಲಿ ಎಡ್ವಿನ್ ಬಿಯರ್ಡ್ ಬಡ್ಡಿಂಗ್ ಎಂಬ ಯಂತ್ರಶಿಲ್ಪಿಯಿದ್ದನು. ಆ ಸೀಮೆ ಉಣ್ಣೆಬಟ್ಟೆಯ ಗಿರಣಿಗಳಿಗೆ ಹೆಸರಾದುದು. ನೇಯ್ದ ಉಣ್ಣೆಬಟ್ಟೆಯ ಮೇಲೆ ಎದ್ದು ನಿಲ್ಲುವ ನವಿರನ್ನು ಸಮನಾಗಿ ಸವರಲು ಗಿರಣಿಗಳಲ್ಲಿ ಸುರುಳಿ ಅಲಗಿನ ಯಂತ್ರವೊಂದಿತ್ತು. ಬಟ್ಟೆಯ ನವಿರನ್ನು ಸವರುವ ಅಲಗು ನೆಲದ ಹುಲ್ಲನ್ನೇಕೆ ಸವರಬಾರದು ಎಂದು ಬಡ್ಡಿಂಗನಿಗೆ ಹೊಳೆಯಿತು. ೧೮೩೦ರ ಆಗಸ್ಟಿನಲ್ಲಿ ಅವನು ತನ್ನ ಹುಲ್ಲುಯಂತ್ರಕ್ಕೆ ಪೇಟೆಂಟು ಪಡೆದನು. ಅದುವರೆಗೆ ಶ್ರೀಮಂತರ ಹುಲ್ಲುಹಾಸುಗಳನ್ನು ಉದ್ದ ಹಿಡಿಯ ಕುಡುಗೋಲಿನಿಂದ ಕೊಯ್ಯಬೇಕಾಗಿತ್ತು, ಇಲ್ಲವೆ ಕುರಿಗಳಿಗೆ ಒಪ್ಪಿಸಬೇಕಾಗಿತ್ತು. ೧೮೩೨ರಲ್ಲಿ ಇಪ್ಸ್‌ವಿಚ್ ಪಟ್ಟಣದ ರಾನ್ಸಮ್ಸ್ ಕಂಪನಿ ಬಡ್ಡಿಂಗನ ಪೇಟೆಂಟಿನ ಮೇಲೆ ಯಂತ್ರಗಳನ್ನು ಮಾಡತೊಡಗಿತು. ದೊಡ್ಡ ಯಂತ್ರಗಳನ್ನು ಕುದುರೆಗಳು ಎಳೆಯುತ್ತಿದ್ದ ಕಾಲದಲ್ಲಿ, ಹುಲ್ಲಿನ ಮೇಲೆ ಗೊರಸಿನ ಗುರುತು ಬೀಳದಿರಲೆಂದು ಕುದುರೆಗೆ ಚರ್ಮದ ಜೋಡು ತೊಡಿಸುತ್ತಿದ್ದರು. ನಮ್ಮ ದೇಶದಲ್ಲಿ ಆ ಕೆಲಸ ಎತ್ತಿನ ಪಾಲಿಗೆ ಬಂತು. ದೆಹಲಿಯ ವಿಸ್ತಾರವಾದ ಹುಲ್ಲುಹಾಸುಗಳ ಮೇಲೆ ಎತ್ತು ಎಳೆಯುವ ಹುಲ್ಲುಯಂತ್ರಗಳು ಬಹುಕಾಲ ಓಡಾಡಿದವು. ೧೯೦೨ರಲ್ಲಿ ಅದೇ ರಾನ್ಸಮ್ಸ್ ಕಂಪನಿ ಪೆಟ್ರೋಲ್ ಎಂಜಿನಿನ ಹುಲ್ಲುಯಂತ್ರವನ್ನು ಮಾರಾಟಕ್ಕೆ ತಂದಿತು. ಇಂದಿನ ಸವಾರಿ ಯಂತ್ರ ಆ ಬಳ್ಳಿಯ ಕಾಯಿ.

ಬಡ್ಡಿಂಗನ ಯಂತ್ರಕ್ಕೂ ನಮ್ಮದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಅವನದು ಸುರುಳಿ ಅಲಗಿನದು. ತಿರುಗುವ ಸುರುಳಿಯೂ ಕೆಳಗೆ ಅಲುಗದೆ ನಿಂತ ಪಟ್ಟಿಯೂ ಕತ್ತರಿಯ ಎರಡು ಬಾಯಿಗಳಂತೆ ಹುಲ್ಲನ್ನು ಹಿಡಿದು ಕತ್ತರಿಸುತ್ತವೆ. ಕ್ರಿಕೆಟಿನ ಅಂಕಣಕ್ಕೂ ಗಾಲ್ಫ್ ಮೈದಾನಕ್ಕೂ ಇಂದಿಗೂ ಅದೇ ಶ್ರೇಷ್ಠ. ನಮ್ಮದು ಚಕ್ರಾಕಾರವಾಗಿ ಬೀಸುವ ಅಲಗಿನದು. ಉಕ್ಕಿನ ಮುಚ್ಚಳದ ಕೆಳಗೆ, ನೆಲಕ್ಕೆ ಸಮಾಂತರವಾಗಿ, ಎರಡು ಅಲಗುಗಳು ಬೀಸಣಿಗೆಯಂತೆ ಸುತ್ತುತ್ತವೆ. ಇಲ್ಲಿ ಎರಡನೆಯ ಬಾಯಿಯಿಲ್ಲ; ಬರಿಯ ವೇಗದಿಂದಲೇ ಹುಲ್ಲು ತುಂಡಾಗಬೇಕು. ಆದುದರಿಂದ ವೇಗ ಅಪಾರ. ೫೩ ಸೆಂಟಿಮೀಟರ್ ಉದ್ದದ ಅಲಗು ನಿಮಿಷಕ್ಕೆ ೩,೦೦೦ ಸುತ್ತು ಸುತ್ತಿದರೆ ಅದರ ತುದಿ ಗಂಟೆಗೆ ಸುಮಾರು ೩೦೦ ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಅತ್ಯಂತ ವೇಗದ ಬೌಲರನ ಚೆಂಡು ಗಂಟೆಗೆ ೧೫೦ ಕಿಲೋಮೀಟರ್ ಮುಟ್ಟಿದರೆ ನಾವು ಬೆರಗಾಗುತ್ತೇವೆ. ಇದು ಅದರ ಎರಡರಷ್ಟು. ಈ ಒಂದು ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ನಿಯಮಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಯಂತ್ರವನ್ನು ಬಲ್ಲಷ್ಟೇ ಹುಲ್ಲನ್ನೂ ಬಲ್ಲವರಾಗಬೇಕು. ನಮ್ಮ ಮೈದಾನದ ಹುಲ್ಲು ಗಣಪತಿಗೆ ಏರಿಸುವ ಗರಿಕೆಯೇ. ಗಿಡಗಳ ಕುಡಿ ಚಿವುಟಿದರೆ ಬೆಳವಣಿಗೆ ನಿಲ್ಲುತ್ತದೆ. ಹುಲ್ಲಿನ ಎಸಳಾದರೋ ಬುಡದಿಂದ ಬೆಳೆಯುವಂಥದು. ದನ ಮೇಯ್ದರೂ ಯಂತ್ರ ಸವರಿದರೂ ಅದು ಮತ್ತೆ ಮೇಲೇಳುವುದು ಇದರಿಂದಲೇ. ಹಾಗೆಂದು ಬುಡದವರೆಗೆ ಬೋಳಿಸಿಬಿಡಬಾರದು. ಎಸಳೇ ಹುಲ್ಲಿಗೆ ಅಡಿಗೆಮನೆ. ಅದನ್ನೆಲ್ಲ ತೆಗೆದರೆ ಬೇರು ಉಪವಾಸ ಬೀಳುತ್ತದೆ. ಒಂದು ಸಲಕ್ಕೆ ಎತ್ತರದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಕೂಡದೆಂಬುದು ಮೈದಾನ ಕಾಯುವವರೆಲ್ಲರೂ ಒಪ್ಪಿದ ಸೂತ್ರ. ಹುಲ್ಲು ೬ ಸೆಂಟಿಮೀಟರ್ ಬೆಳೆದಿದ್ದರೆ ೪ಕ್ಕೆ ಇಳಿಸಬೇಕು. ರಜೆಯಲ್ಲಿ ಮೊಣಕಾಲೆತ್ತರ ಬೆಳೆದಿದ್ದರೆ ಒಂದೇ ದಿನದಲ್ಲಿ ಮುಗಿಸುವ ಹಟ ಬೇಡ. ಯಂತ್ರದ ಎತ್ತರದ ಹಿಡಿಯನ್ನು ಮೇಲಿನ ಗೀರಿನಲ್ಲಿಟ್ಟು ಒಮ್ಮೆ, ಕೆಲವು ದಿನ ಬಿಟ್ಟು ಕೆಳಗಿಳಿಸಿ ಇನ್ನೊಮ್ಮೆ ಕತ್ತರಿಸಬೇಕು. ತೆಳ್ಳಗೆ ಕತ್ತರಿಸಿ ಬಿದ್ದ ಚೂರು ಅಲ್ಲೇ ಕೊಳೆತು ಗೊಬ್ಬರವಾಗುತ್ತದೆ. ಗುಡ್ಡೆಯಾಗಿ ಬಿದ್ದದ್ದನ್ನು ಮಾತ್ರ ಬಾಚಿ ತೆಗೆದರಾಯಿತು.

ಇನ್ನು ನಡೆಸುವ ಕ್ರಮ. ಕೆಲಸ ಯಂತ್ರದ ಮೇಲೆ ಆರಂಭವಾಗುವುದಿಲ್ಲ, ಮೈದಾನದ ಮೇಲೆ ಆರಂಭವಾಗುತ್ತದೆ. ಮೊದಲು ಚೀಲ ಹಿಡಿದು ಮೈದಾನವನ್ನೆಲ್ಲ ಒಮ್ಮೆ ನಡೆದು ಬರಬೇಕು. ಕಲ್ಲು, ತಂತಿ, ಒಡೆದ ಸೀಸೆ, ಕ್ರಿಕೆಟಿನ ಬೇಲ್ಸು, ಮರದ ಟೊಂಗೆ ಇವನ್ನು ಆರಿಸಿ ತೆಗೆಯಬೇಕು. ಅಲಗಿಗೆ ಸಿಕ್ಕಿದ ಕಲ್ಲು ಪಕ್ಕದ ಬಾಯಿಯಿಂದ ಗುಂಡಿನಂತೆ ಹಾರುತ್ತದೆ. ಸಮೀಪದಲ್ಲಿ ಜನರಿದ್ದರೆ, ಅದರಲ್ಲೂ ಮಕ್ಕಳಿದ್ದರೆ, ಯಂತ್ರವನ್ನು ಹೊರಡಿಸಲೇಬಾರದು. ಅನಂತರ ಎಂಜಿನು ತಣ್ಣಗಿರುವಾಗಲೇ ಎಣ್ಣೆಯ ಅಳತೆಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಅದ್ದಿ ನೋಡಬೇಕು. ಪೆಟ್ರೋಲನ್ನು ಬಯಲಿನಲ್ಲಿ, ಎಂಜಿನು ಆರಿರುವಾಗ ತುಂಬಬೇಕು. ಬಿಸಿ ಎಂಜಿನಿನ ಮೇಲೆ ಚೆಲ್ಲಿದ ಪೆಟ್ರೋಲು ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ. ಕಾಲಿಗೆ ಗಟ್ಟಿಯಾದ ಬೂಟು, ಕಣ್ಣಿಗೆ ಕನ್ನಡಕ ಇರಲೇಬೇಕು. ಚಪ್ಪಲಿ, ಪಂಚೆ, ಇಳಿಬಿದ್ದ ದುಪಟ್ಟಾ, ಟವೆಲು ಇವು ಈ ಯಂತ್ರದ ಹತ್ತಿರ ಸುಳಿಯಬಾರದು. ಎಂಜಿನಿನ ಸದ್ದು ನಡೆಸುವವನ ಕಿವಿಯ ಬಳಿ ೯೦ ಡೆಸಿಬೆಲ್ಲಿನ ಆಸುಪಾಸಿಗೆ ಬರುವುದರಿಂದ ಕಿವಿಗೆ ಮುಚ್ಚಿಗೆಯೂ ಬೇಕು.

ಪೀಠದ ಮೇಲೆ ಕುಳಿತು, ಬ್ರೇಕಿನ ಪೆಡಲನ್ನು ಒತ್ತಿ ಹಿಡಿದು, ಅಲಗಿನ ಗುಂಡಿ ಬಿಟ್ಟ ಸ್ಥಿತಿಯಲ್ಲಿದೆಯೇ ಎಂದು ನೋಡಿ, ಆಮೇಲೆ ಕೀಲಿ ತಿರುಗಿಸಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಎಂಜಿನು ಹೊರಡದಂತೆ ಅದರೊಳಗೇ ಏರ್ಪಾಡಿದೆ. ಎರಡು ನಿಮಿಷ ಬಿಸಿಯಾಗಲು ಬಿಟ್ಟು, ಎಂಜಿನಿನ ವೇಗವನ್ನು ಪೂರ್ತಿ ಏರಿಸಿ, ಅನಂತರ ಅಲಗನ್ನು ತೊಡಗಿಸಬೇಕು. ಹೊಸಬರು ಇಲ್ಲಿ ಒಂದು ತಪ್ಪು ಮಾಡುವುದುಂಟು. ಪೆಟ್ರೋಲು ಉಳಿಯಲೆಂದು ಎಂಜಿನಿನ ವೇಗವನ್ನು ಅರ್ಧಕ್ಕಿಳಿಸುತ್ತಾರೆ. ಆಗ ಅಲಗಿನ ವೇಗವೂ ತಗ್ಗಿ, ಹುಲ್ಲು ಕತ್ತರಿಸದೆ ಹರಿಯುತ್ತದೆ; ಗಾಳಿಯಿಂದ ತಣಿಯುವ ಎಂಜಿನಿಗೆ ಸಾಕಷ್ಟು ಗಾಳಿಯೂ ಸಿಗುವುದಿಲ್ಲ. ಎಂಜಿನಿನ ವೇಗ ಯಾವಾಗಲೂ ಪೂರ್ತಿ ಇರಲಿ. ದಟ್ಟ ಹುಲ್ಲು ಬಂದರೆ ಚಕ್ರದ ವೇಗವನ್ನು ತಗ್ಗಿಸಬೇಕು. ಈ ಎರಡು ವೇಗಗಳ ಭೇದ ತಿಳಿದವನಿಗೆ ಅರ್ಧ ವಿದ್ಯೆ ಬಂದಂತೆಯೇ.

ನಮ್ಮ ಯಂತ್ರ ಕತ್ತರಿಸಿದ ಹುಲ್ಲನ್ನು ಬಲಗಡೆಯ ಬಾಯಿಯಿಂದ ಹೊರಗೆ ಎರಚುತ್ತದೆ. ಆದುದರಿಂದ ಅಂಚಿನ ಮೊದಲ ಎರಡು ಸುತ್ತುಗಳನ್ನು ಪ್ರದಕ್ಷಿಣವಾಗಿ ಹೋಗಬೇಕು. ದೇವಾಲಯದಲ್ಲಿ ದೇವರು ಬಲಕ್ಕಿರುವಂತೆ ಆಗ ಮೈದಾನದ ನಡುಭಾಗ ಬಲಕ್ಕಿರುತ್ತದೆ. ಹುಲ್ಲೂ ಅಕಸ್ಮಾತ್ ಸಿಡಿದ ಕಲ್ಲೂ ಒಳಕ್ಕೆ ಬೀಳುತ್ತವೆಯೇ ಹೊರತು ರಸ್ತೆಯ ಮೇಲೆ, ತರಗತಿಯ ಕಿಟಕಿಯ ಮೇಲೆ ಬೀಳುವುದಿಲ್ಲ. ಮೂರನೆಯ ಸುತ್ತಿನಿಂದ ಅಪ್ರದಕ್ಷಿಣವಾಗಿ ತಿರುಗಿದರೆ ಹುಲ್ಲು ಆಗಲೇ ಕತ್ತರಿಸಿದ ಭಾಗದ ಮೇಲೆ ಬೀಳುತ್ತದೆ. ಕತ್ತರಿಸಿದ್ದನ್ನೇ ಮತ್ತೆ ಕತ್ತರಿಸುವ ಹೊರೆ ಎಂಜಿನಿಗೆ ತಪ್ಪುತ್ತದೆ. ವಾರವಾರಕ್ಕೂ ಸಾಲಿನ ದಿಕ್ಕನ್ನು ಬದಲಿಸಬೇಕು. ಒಂದೇ ಹಾದಿಯಲ್ಲಿ ಚಕ್ರ ಹಾಯ್ದರೆ ಮಣ್ಣು ಗಟ್ಟಿಯಾಗಿ ಹುಲ್ಲು ಒಂದೇ ಕಡೆಗೆ ಮಲಗುತ್ತದೆ.

ಇಳಿಜಾರಿನ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ತಳ್ಳುವ ಯಂತ್ರವನ್ನು ಇಳಿಜಾರಿಗೆ ಅಡ್ಡಲಾಗಿ ನಡೆಸಬೇಕು, ಏಕೆಂದರೆ ಕಾಲು ಜಾರಿದವನ ಮೇಲೆ ಅದು ಉರುಳಬಾರದು. ಸವಾರಿ ಯಂತ್ರಕ್ಕೆ ಇದಕ್ಕೆ ವಿರುದ್ಧವಾದ ನಿಯಮ. ಅದನ್ನು ನೇರವಾಗಿ ಮೇಲಕ್ಕೂ ಕೆಳಕ್ಕೂ ನಡೆಸಬೇಕು. ಅಡ್ಡ ಹೋದರೆ ಪಕ್ಕಕ್ಕೆ ಮಗುಚುವ ಭಯವುಂಟು. ೧೫ ಡಿಗ್ರಿಗಿಂತ ಕಡಿದಾದ ಕಡೆ, ಎಂದರೆ ನೂರಡಿಗೆ ಸುಮಾರು ೨೭ ಅಡಿ ಏರುವ ಕಡೆ, ಸವಾರಿಯೇ ಕೂಡದು. ನಮ್ಮ ಮೈದಾನದ ಪೂರ್ವದ ದಂಡೆ ಅಂಥದೇ. ಅದಕ್ಕೆ ಕುಡುಗೋಲೇ ಗತಿ. ಇಳಿಜಾರಿನ ಮಧ್ಯದಲ್ಲಿ ತಿರುಗಿಸುವುದೂ, ಒದ್ದೆ ಹುಲ್ಲಿನ ಮೇಲೆ ಇಳಿಯುವುದೂ ಅಪಾಯ. ಹಿಂದಕ್ಕೆ ಚಲಿಸುವ ಮುನ್ನ ಅಲಗು ಬಿಡಿಸಿ, ಕತ್ತು ತಿರುಗಿಸಿ, ಹಿಂದೆಯೂ ಕೆಳಗೂ ನೋಡಬೇಕು. ಚಿಕ್ಕ ಮಕ್ಕಳು ಸದ್ದು ಕೇಳಿ ಓಡಿಬಂದು ಹಿಂದೆ ನಿಂತಿರಬಹುದು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದು ಸುತ್ತು ಹಾಕುವ ಪ್ರೀತಿಯನ್ನಂತೂ ಯಾರೂ ತೋರಿಸತಕ್ಕದ್ದಲ್ಲ.

ಇಷ್ಟೆಲ್ಲ ಹೇಳಿದರೂ, ಈ ಯಂತ್ರದ ಮೇಲೆ ಕುಳಿತಿರುವಷ್ಟು ಹೊತ್ತು ನಡೆಸುವವನ ಕೈಕಾಲುಗಳು ಅಲಗಿನಿಂದ ದೂರವಿರುತ್ತವೆ. ಅವನಿಗೆ ಅಲಗಿನ ಭಯ ಹುಟ್ಟುವುದು ಇಳಿಯುವ ಗಳಿಗೆಯಲ್ಲಿ. ಇದನ್ನು ನನಗೆ ಕಲಿಸಿದವರು ಕ್ರೀಡಾಂಗಣದಲ್ಲಿ ನನಗೆ ಗುರುವಾಗಿದ್ದ ಮೇಸ್ತ್ರಿಗಳು. ಅವರ ಬಲಗೈಯ ನಡುಬೆರಳೂ ಉಂಗುರದ ಬೆರಳೂ ಮೊದಲ ಗಿಣ್ಣಿನಿಂದಾಚೆಗೆ ಇಲ್ಲ. ಕೆಲಸಕ್ಕೆ ಸೇರಿದ ದಿನ ಎಂಜಿನಿನ ವಿಷಯ ಒಂದನ್ನೂ ಹೇಳದೆ, ಮರದ ಕೆಳಗೆ ಕೂರಿಸಿಕೊಂಡು ಆ ಕೈಯನ್ನು ನನ್ನ ಮುಂದಿಟ್ಟು ನಡೆದುದನ್ನು ಹೇಳಿದರು.

ಪೀಠದ ಕೆಳಗೆ ಒಂದು ಸ್ವಿಚ್ಚು ಇರುತ್ತದೆ. ಮನುಷ್ಯನ ಭಾರ ಅದರ ಮೇಲಿರುವವರೆಗೆ ಎಂಜಿನು ನಡೆಯುತ್ತದೆ. ಅಲಗು ಸುತ್ತುತ್ತಿರುವಾಗ ಅವನು ಎದ್ದರೆ ಸ್ವಿಚ್ಚು ಕಿಡಿಯನ್ನು ತಡೆದು ಎಂಜಿನನ್ನು ನಿಲ್ಲಿಸಿಬಿಡುತ್ತದೆ. ಮೇಸ್ತ್ರಿಗಳ ಮೈದಾನ ಹಳ್ಳತಿಟ್ಟಿನದು. ಯಂತ್ರ ಕುಲುಕಿದಾಗಲೆಲ್ಲ ಪೀಠದಿಂದ ಮೈ ಮೇಲೆದ್ದು, ಎಂಜಿನು ನಿಂತು ನಿಂತು ಹೋಗುತ್ತಿತ್ತು. ಬೇಸತ್ತ ಅವರು ಒಂದು ದಿನ ಸ್ವಿಚ್ಚಿನ ಎರಡು ಎಳೆಗಳನ್ನು ತುಂಡು ತಂತಿಯಿಂದ ಬೆಸೆದುಬಿಟ್ಟರು. ಮತ್ತೆ ಎಂಜಿನು ನಿಲ್ಲಲಿಲ್ಲ. ಎರಡು ವರ್ಷ ಏನೂ ಆಗಲೂ ಇಲ್ಲ. ಬಳಿಕ ಒಂದು ಶ್ರಾವಣದ ಬೆಳಿಗ್ಗೆ, ಮಧ್ಯಾಹ್ನ ಪಂದ್ಯವಿತ್ತು, ಹುಲ್ಲು ಒದ್ದೆಯಾಗಿತ್ತು. ಸುತ್ತಿಗೊಮ್ಮೆ ಪಕ್ಕದ ಬಾಯಿಗೆ ಹುಲ್ಲು ಮೆತ್ತಿಕೊಳ್ಳುತ್ತಿತ್ತು. ಮೊದಲ ಸಲ ಅಲಗು ಬಿಡಿಸಿ, ಎಂಜಿನು ಆರಿಸಿ, ಕೋಲಿನಿಂದ ಕೆದಕಿದರು. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲವೂ ಹಾಗೆಯೇ. ನಾಲ್ಕನೆಯ ಸಲ ಹೊತ್ತಾಗಿತ್ತು. ಅಲಗು ಬಿಡಿಸಿದ್ದೇನೆಂದು ಅವರ ಮನಸ್ಸು ಹೇಳಿತು, ಕೈ ಬಿಡಿಸಿರಲಿಲ್ಲ. ಎಂಜಿನಿನ ಸದ್ದಿನಲ್ಲಿ ಬೇರೆ ಸದ್ದು ಕೇಳಲಿಲ್ಲ. ಮುಚ್ಚಳದ ಒಳಗೆ ಸುತ್ತುವ ಅಲಗು ಕಾಣಲಿಲ್ಲ. ಕೆಳಗಿಳಿದು ಕೈಯಿಂದಲೇ ಹುಲ್ಲಿನ ಮುದ್ದೆಯನ್ನು ಎಳೆದರು.

“ನೋವು ಗೊತ್ತಾಗಲಿಲ್ಲ ಕಣಪ್ಪ, ಬೆಚ್ಚಗಾಯಿತು ಅಷ್ಟೆ” ಎಂದರು ಅವರು. ಆಮೇಲೆ ಅವರು ಹೇಳಿದ ಮಾತು ನಾನು ಯಾವ ಪುಸ್ತಕದಲ್ಲೂ ಓದದಿದ್ದುದು: “ಮೂರು ಸಲ ನನಗೆ ಆ ಸ್ವಿಚ್ಚು ಬೇಕಾಗಿರಲಿಲ್ಲ. ಅದನ್ನು ಮಾಡಿದವನು ನಾಲ್ಕನೆಯ ಸಲಕ್ಕೆಂದೇ ಮಾಡಿದ್ದ.”

ಅಂದಿನಿಂದ ಅವರದು ಒಂದೇ ನಿಯಮ. ಪೀಠದಿಂದ ಇಳಿಯುವ ಮುನ್ನ ಅಲಗು ಬಿಡಿಸು, ಬ್ರೇಕು ಹಾಕು, ಎಂಜಿನು ಆರಿಸು, ಕೀಲಿಯನ್ನು ತೆಗೆದು ಜೇಬಿಗೆ ಹಾಕು, ಹತ್ತು ಎಣಿಸು. ಹತ್ತು ಎಣಿಸುವುದೇಕೆಂದರೆ ಎಂಜಿನು ನಿಂತ ಮೇಲೂ ಅಲಗು ತನ್ನ ಭಾರದಿಂದ ಕೆಲವು ಕ್ಷಣ ಸುತ್ತುತ್ತಲೇ ಇರುತ್ತದೆ. ಆಮೇಲೆ ಇಳಿದು ಹುಲ್ಲನ್ನು ಕೋಲಿನಿಂದ ತೆಗೆಯಬೇಕು, ಕೈಯಿಂದಲ್ಲ. ಇದಕ್ಕೆ ಹಿಡಿಯುವುದು ಅರ್ಧ ನಿಮಿಷ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಮಡಕೆಗೆ ಮಾತ್ರವಲ್ಲ, ಬೆರಳಿಗೂ ಅನ್ವಯಿಸುತ್ತದೆ.

ಇನ್ನು ಕಾಪಾಡುವ ಬಗೆ. ಯಂತ್ರವೂ ದನದಂತೆಯೇ. ಕೆಲಸ ಮಾಡಿಸಿ ಹಾಗೆಯೇ ಕಟ್ಟಿದರೆ ಬಡವಾಗುತ್ತದೆ. ಪ್ರತಿ ಸಲ ಕೆಲಸ ಮುಗಿದು ಎಂಜಿನು ತಣಿದ ಮೇಲೆ, ಮುಚ್ಚಳದ ಅಡಿಗೆ ಮೆತ್ತಿದ ಹುಲ್ಲನ್ನು ಮರದ ಪಟ್ಟಿಯಿಂದ ಕೆರೆದು ತೆಗೆಯಬೇಕು. ಬಿಟ್ಟರೆ ಅದು ಒಣಗಿ ಸಿಮೆಂಟಿನಂತೆ ಗಟ್ಟಿಯಾಗಿ, ಒಳಗೆ ಗಾಳಿ ಸುಳಿಯದಂತೆ ಮಾಡುತ್ತದೆ; ಉಕ್ಕು ತುಕ್ಕು ಹಿಡಿಯುತ್ತದೆ. ಹೊಗೆಕೊಳವೆಯ ಸುತ್ತಲೂ ಎಂಜಿನಿನ ತಣಿಪು ರೆಕ್ಕೆಗಳ ನಡುವೆಯೂ ಸೇರಿದ ಒಣಹುಲ್ಲನ್ನು ಕುಂಚದಿಂದ ಗುಡಿಸಬೇಕು. ಬೇಸಿಗೆಯಲ್ಲಿ ಅಲ್ಲಿಂದಲೇ ಬೆಂಕಿ ಹೊತ್ತುವುದುಂಟು.

ಮುಂದಿನ ಕೆಲಸಗಳು ಗಂಟೆಯ ಲೆಕ್ಕದವು. ಆದುದರಿಂದ ಯಂತ್ರಕ್ಕೊಂದು ಪುಸ್ತಕವಿಟ್ಟು, ಪ್ರತಿ ದಿನ ಎಷ್ಟು ಗಂಟೆ ನಡೆಯಿತೆಂದು ಬರೆಯಬೇಕು. ಗಾಳಿಶೋಧಕವನ್ನು ೨೫ ಗಂಟೆಗೊಮ್ಮೆ ಬಿಚ್ಚಿ ಧೂಳು ಕೊಡವಬೇಕು. ನಮ್ಮ ಬಯಲುಸೀಮೆಯ ಕೆಂಧೂಳಿಗೆ ಇನ್ನೂ ಬೇಗನೆ. ಧೂಳು ತುಂಬಿದ ಶೋಧಕದ ಎಂಜಿನು ಮೂಗು ಕಟ್ಟಿದವನಂತೆ ಏದುಸಿರು ಬಿಡುತ್ತ ಕರಿಹೊಗೆ ಕಾರುತ್ತದೆ. ಹೊಸ ಎಂಜಿನಿನ ಎಣ್ಣೆಯನ್ನು ಮೊದಲ ೫ರಿಂದ ೮ ಗಂಟೆಗಳಲ್ಲಿಯೇ ಬದಲಿಸಬೇಕು, ಏಕೆಂದರೆ ಹೊಸ ಭಾಗಗಳು ಒಂದಕ್ಕೊಂದು ಉಜ್ಜಿಕೊಂಡು ಉದುರಿಸಿದ ಲೋಹದ ಪುಡಿ ಅದರಲ್ಲಿರುತ್ತದೆ. ಬಳಿಕ ಸಾಮಾನ್ಯವಾಗಿ ೫೦ ಗಂಟೆಗೊಮ್ಮೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ. ಎಂಜಿನು ಬೆಚ್ಚಗಿರುವಾಗ ಹಳೆಯ ಎಣ್ಣೆ ಪೂರ್ತಿಯಾಗಿ ಇಳಿಯುತ್ತದೆ. ಇಳಿದ ಎಣ್ಣೆಯನ್ನು ಚರಂಡಿಗೆ ಚೆಲ್ಲದೆ ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಒಪ್ಪಿಸಬೇಕು. ಸ್ಪಾರ್ಕ್ ಪ್ಲಗ್ಗನ್ನು ೧೦೦ ಗಂಟೆಗೊಮ್ಮೆ ಬದಲಿಸಿದರೆ ಬೆಳಗಿನ ಗೊಣಗಾಟ ತಪ್ಪುತ್ತದೆ. ತಯಾರಕರ ಕೈಪಿಡಿಯಲ್ಲಿ ಬೇರೆ ಅಂಕಿಯಿದ್ದರೆ ಅದೇ ಪ್ರಮಾಣ.

ಅಲಗಿನ ಹರಿತವೇ ಮೈದಾನದ ಅಂದ. ಕತ್ತರಿಸಿದ ಎರಡು ದಿನಗಳ ಮೇಲೆ ಹುಲ್ಲಿನ ತುದಿಯನ್ನು ಕೈಯಲ್ಲಿ ಹಿಡಿದು ನೋಡಬೇಕು. ನೇರವಾಗಿ ತುಂಡಾಗಿದ್ದರೆ ಅಲಗು ಹರಿತವಾಗಿದೆ. ತುದಿ ನಾರುನಾರಾಗಿ ಕಂದಿದ್ದರೆ ಮೊಂಡಾಗಿದೆ. ಅಲಗು ಬಿಚ್ಚುವ ಮೊದಲು ಕೀಲಿ ತೆಗೆದು, ಪ್ಲಗ್ಗಿನ ತಂತಿಯನ್ನೂ ಕಳಚಿ ದೂರ ಸರಿಸಬೇಕು. ಕೈಯಿಂದ ಅಲಗನ್ನು ತಿರುಗಿಸಿದರೆ ಎಂಜಿನು ಒಮ್ಮೆ ಸಿಡಿದೇಳುವ ಸಂಭವವೂ ಇರಬಾರದು. ಯಂತ್ರವನ್ನು ಜಾಕಿನಿಂದ ಎತ್ತಿದರೆ ಕೆಳಗೆ ಗಟ್ಟಿಯಾದ ಆನಿಕೆ ಕೊಡದೆ ಯಾರೂ ಅಡಿಗೆ ಕೈಹಾಕಕೂಡದು. ಅಲಗಿನ ಬಾಯಿಯನ್ನು ಮೊದಲಿದ್ದ ಇಳಿಜಾರಿನಲ್ಲೇ, ಸುಮಾರು ೩೦ ಡಿಗ್ರಿಗೆ, ಅರದಿಂದ ಉಜ್ಜಬೇಕು. ಎರಡು ತುದಿಗಳನ್ನೂ ಸಮನಾಗಿ ಉಜ್ಜಿ, ನಡುವಿನ ರಂಧ್ರವನ್ನು ಗೋಡೆಯ ಮೊಳೆಗೆ ತೂಗುಹಾಕಿ ನೋಡಬೇಕು. ತಕ್ಕಡಿಯಂತೆ ಸಮನಾಗಿ ನಿಂತರೆ ಸರಿ. ಒಂದು ತುದಿ ಕೆಳಗಿಳಿದರೆ ಆ ಕಡೆಯನ್ನು ಇನ್ನಷ್ಟು ಉಜ್ಜಬೇಕು. ತೂಕ ತಪ್ಪಿದ ಅಲಗು ನಿಮಿಷಕ್ಕೆ ಮೂರು ಸಾವಿರ ಸಲ ಬೇರಿಂಗನ್ನು ಗುದ್ದಿ ಹಾಳುಮಾಡುತ್ತದೆ. ಬಿರುಕು ಬಿಟ್ಟ ಅಥವಾ ಬಾಗಿದ ಅಲಗನ್ನು ನೆಟ್ಟಗೆ ಮಾಡುವ ಜಿಪುಣತನ ಬೇಡ, ಎಸೆಯುವುದೇ ಸರಿ.

ಪೆಟ್ರೋಲಿನ ವಿಷಯದಲ್ಲಿ ಈಗ ಹೊಸದೊಂದು ಎಚ್ಚರಿಕೆ ಬೇಕಾಗಿದೆ. ನಮ್ಮ ದೇಶದ ಬಂಕುಗಳಲ್ಲಿ ಇಂದು ಸಾಮಾನ್ಯವಾಗಿ ದೊರೆಯುವುದು ನೂರಕ್ಕೆ ೨೦ ಪಾಲು ಎಥನಾಲ್ ಬೆರೆತ ಪೆಟ್ರೋಲು. ಹುಲ್ಲುಯಂತ್ರದ ಸಣ್ಣ ಎಂಜಿನುಗಳ ಹಲವು ತಯಾರಕರಾದರೋ ೧೦ ಪಾಲಿಗಿಂತ ಹೆಚ್ಚು ಎಥನಾಲ್ ಬೇಡವೆಂದು ಕೈಪಿಡಿಯಲ್ಲಿ ಬರೆದಿರುತ್ತಾರೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಹಳೆಯ ಬಗೆಯ ರಬ್ಬರಿನ ಕೊಳವೆಗಳನ್ನು ಮೆದುಗೊಳಿಸುತ್ತದೆ. ಆದುದರಿಂದ ಯಂತ್ರ ಕೊಂಡ ಅಂಗಡಿಯವರನ್ನು ಮೊದಲು ಕೇಳಿ ತಿಳಿಯಬೇಕು. ಯಾವ ಪೆಟ್ರೋಲೇ ಆಗಲಿ, ತೊಟ್ಟಿಯಲ್ಲಿ ತಿಂಗಳುಗಟ್ಟಲೆ ನಿಂತರೆ ಅಂಟಾಗಿ ಕಾರ್ಬ್ಯುರೇಟರಿನ ಸಣ್ಣ ಕಿಂಡಿಗಳನ್ನು ಮುಚ್ಚುತ್ತದೆ. ಬೇಸಿಗೆ ರಜೆಗೆ ಮುನ್ನ ತೊಟ್ಟಿಯನ್ನು ಬರಿದು ಮಾಡಿ, ಎಂಜಿನು ತಾನಾಗಿ ನಿಲ್ಲುವವರೆಗೆ ಬಯಲಿನಲ್ಲಿ ಓಡಿಸಿಬಿಡಬೇಕು. ಬ್ಯಾಟರಿಯ ಎಳೆಗಳನ್ನು ಕಳಚಿ, ಅದನ್ನು ತಿಂಗಳಿಗೊಮ್ಮೆ ಚಾರ್ಜು ಮಾಡಬೇಕು. ಇಲಿಗಳು ಪೀಠದ ಕೆಳಗೆ ಸಂಸಾರ ಹೂಡದಂತೆ ಆಗಾಗ ನೋಡುತ್ತಿರಬೇಕು.

ಕೆಲವು ದೋಷಗಳ ಗುರುತು ಹೇಳಿ ಈ ಭಾಗವನ್ನು ಮುಗಿಸುತ್ತೇನೆ. ಒಂದು ಪಕ್ಕ ಗಿಡ್ಡ, ಒಂದು ಪಕ್ಕ ಉದ್ದ ಕತ್ತರಿಸಿದರೆ ಅಲಗನ್ನು ದೂರುವ ಮೊದಲು ಚಕ್ರಗಳ ಗಾಳಿಯನ್ನು ಅಳೆಯಬೇಕು. ಈ ಚಕ್ರಗಳಿಗೆ ಚದರ ಅಂಗುಲಕ್ಕೆ ೧೦ರಿಂದ ೧೪ ಪೌಂಡು ಸಾಕು. ಒಂದರಲ್ಲಿ ಕಡಿಮೆಯಾದರೆ ಇಡೀ ಯಂತ್ರ ಓರೆಯಾಗುತ್ತದೆ. ಗಾಳಿ ಸರಿಯಿದ್ದರೆ ಮುಚ್ಚಳದ ಮಟ್ಟವನ್ನು ನೋಡಬೇಕು. ಅದರ ಮುಂಭಾಗ ಹಿಂಭಾಗಕ್ಕಿಂತ ಕೂದಲೆಳೆಯಷ್ಟು ತಗ್ಗಾಗಿರಬೇಕು. ಹುಲ್ಲಿನ ನಡುವೆ ಕತ್ತರಿಸದ ಗೆರೆ ಉಳಿದರೆ ಅಲಗು ಮೊಂಡಾಗಿದೆ, ಇಲ್ಲವೆ ಸವಾರ ಅವಸರದಲ್ಲಿದ್ದಾನೆ. ಸುಟ್ಟ ರಬ್ಬರಿನ ವಾಸನೆಯೂ ಕಿರುಚುವ ಸದ್ದೂ ಬಂದರೆ ಬೆಲ್ಟು ಸವೆದು ಜಾರುತ್ತಿದೆ. ಇದ್ದಕ್ಕಿದ್ದಂತೆ ನಡುಕ ಹುಟ್ಟಿದರೆ ಅಲಗು ಏನನ್ನೋ ಬಡಿದು ಬಾಗಿದೆ. ಆ ಕ್ಷಣವೇ ನಿಲ್ಲಿಸಿ ನೋಡಬೇಕು.

ಕೊನೆಯದಾಗಿ ನಮ್ಮ ಕಾಲೇಜಿನದೇ ಒಂದು ಮಾತು. ಉದ್ದಜಿಗಿತದ ಗುಂಡಿಯ ಆಚೆ, ಬೇವಿನ ಮರದ ಕೆಳಗೆ, ನಮ್ಮ ಮೈದಾನವೂ ಹಳ್ಳತಿಟ್ಟಾಗಿದೆ. ಅಲ್ಲಿ ಹೋದಾಗಲೆಲ್ಲ ಪೀಠ ಕುಲುಕಿ ಎಂಜಿನು ನಿಲ್ಲುತ್ತದೆ. ಕಳೆದ ತಿಂಗಳು ನಮ್ಮ ಗೆಳೆಯರೊಬ್ಬರು, “ಇದಕ್ಕೊಂದು ತುಂಡು ತಂತಿ ಸಾಕು, ಐದು ನಿಮಿಷದ ಕೆಲಸ” ಎಂದರು. ಅವರು ಕೆಟ್ಟದ್ದನ್ನು ಎಣಿಸಿ ಹೇಳಿದವರಲ್ಲ, ಕೆಲಸ ಸಾಗಲೆಂದು ಹೇಳಿದರು. ಮೇಸ್ತ್ರಿಗಳೂ ಹಾಗೆಯೇ ತಂತಿ ಕಟ್ಟಿದವರು. ನಾನು ಅವರ ಕೈಯ ಕಥೆಯನ್ನು ಹೇಳಿದೆ. ಯಾರೂ ಮತ್ತೆ ತಂತಿಯ ಮಾತೆತ್ತಲಿಲ್ಲ. ಮುಂದಿನ ಭಾನುವಾರ ನಾಲ್ವರೂ ಸೇರಿ ಹನ್ನೊಂದು ಬುಟ್ಟಿ ಮಣ್ಣು ಹೊತ್ತು ಆ ಹಳ್ಳಗಳನ್ನು ತುಂಬಿದೆವು. ಪೀಠದ ಸ್ಪ್ರಿಂಗನ್ನು ಸವಾರನ ತೂಕಕ್ಕೆ ಸರಿಪಡಿಸಿದೆವು. ಆ ಮೂಲೆಯಲ್ಲಿ ನಿಧಾನವಾಗಿ ಹೋಗತೊಡಗಿದೆವು. ಎಂಜಿನು ಈಗಲೂ ಒಂದೆರಡು ಸಲ ನಿಲ್ಲುತ್ತದೆ. ನಿಲ್ಲಲಿ. ಮತ್ತೆ ಕೀಲಿ ತಿರುಗಿಸಿದರಾಯಿತು.

ಮುಂದಿನ ವರ್ಷ ಈ ಯಂತ್ರವನ್ನು ಹತ್ತುವ ಸೋದರ ಸೋದರಿಯರಲ್ಲಿ ನನ್ನ ಪ್ರಾರ್ಥನೆ ಇಷ್ಟೆ. ಎಣ್ಣೆ ಬದಲಿಸುವುದು ಒಂದು ವಾರ ತಡವಾದರೆ ಯಂತ್ರ ಕ್ಷಮಿಸೀತು. ಸಾಲು ಸೊಟ್ಟಗಾದರೆ ಮುಂದಿನ ವಾರ ನೆಟ್ಟಗಾದೀತು. ಆದರೆ ಯಾರಾದರೂ ಯಂತ್ರದ ಪಕ್ಕದಲ್ಲಿ ಬಗ್ಗಿದ್ದು ಕಂಡರೆ, ದೂರದಿಂದಲೇ ಕೂಗಿ ಒಂದು ಪ್ರಶ್ನೆ ಕೇಳಿರಿ: ಕೀಲಿ ಯಾರ ಜೇಬಿನಲ್ಲಿದೆ?